ಕಾರ್ಪಲ್ ಟನಲ್ ಸಿಂಡ್ರೋಮ್

ಮಣಿಕಟ್ಟಿನ ಅಂಗೈ ಬದಿಯಲ್ಲಿರುವ ಇಕ್ಕಟ್ಟಾದ ಸುರಂಗದೊಳಗೆ ಮೀಡಿಯನ್ ನರ ಅದುಮಿಕೊಂಡು, ಬೆರಳುಗಳಲ್ಲಿ ಜೋಮು, ಉರಿ, ನೋವು ಹಾಗೂ ಕ್ರಮೇಣ ಹೆಬ್ಬೆರಳಿನ ಬಲಹೀನತೆಯನ್ನು ಉಂಟುಮಾಡುವ ಬೇನೆಯೇ ಕಾರ್ಪಲ್ ಟನಲ್ ಸಿಂಡ್ರೋಮ್. ನರವೊಂದು ತಾನು ಹಾದುಹೋಗುವ ದಾರಿಯಲ್ಲೇ ಒತ್ತಡಕ್ಕೆ ಸಿಕ್ಕಿ ಬರುವ ಬೇನೆಗಳಲ್ಲಿ ಅತಿ ಸಾಮಾನ್ಯವಾದುದು ಇದೇ. ದಕ್ಷಿಣ ಸ್ವೀಡನ್ನಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಶೇ. 14.4 ಮಂದಿ ಈ ನರದ ವ್ಯಾಪ್ತಿಯ ಬೆರಳುಗಳಲ್ಲಿ ಜೋಮು ಅಥವಾ ನೋವು ಇರುವುದಾಗಿ ಹೇಳಿದ್ದರು. ವೈದ್ಯರು ಪರೀಕ್ಷಿಸಿದಾಗ ಬೇನೆ ಇದೇ ಎಂದು ಖಚಿತವಾದದ್ದು ಶೇ. 3.8ರಷ್ಟು ಜನರಲ್ಲಿ, ನರದ ವಿದ್ಯುತ್ ಪರೀಕ್ಷೆಯೂ ಅದನ್ನು ಸಮರ್ಥಿಸಿದ್ದು ಶೇ. 2.7ರಷ್ಟು ಜನರಲ್ಲಿ. ಈ ಮೂರು ಸಂಖ್ಯೆಗಳ ನಡುವಿನ ಅಂತರ ಗಮನಾರ್ಹ. ಕೈ ಜೋಮು ಹಿಡಿದವರೆಲ್ಲರಿಗೂ ಈ ಬೇನೆ ಇರುವುದಿಲ್ಲ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ನಡುವಯಸ್ಸಿನಲ್ಲಿ, ಅದರಲ್ಲೂ 45ರಿಂದ 60ರೊಳಗೆ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲು ಹೆಚ್ಚು ಬಳಸುವ ಕೈಗೆ ಬರುತ್ತದೆ. ಕಾಲ ಕಳೆದಂತೆ ಎರಡೂ ಕೈಗಳಿಗೆ ಹರಡುವುದು ಅಪರೂಪವಲ್ಲ.

ಈ ಲೇಖನದಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ ಸ್ನಾಯುರಜ್ಜು ಎಂದೂ, ಮೂಳೆಯಿಂದ ಮೂಳೆಗೆ ಬಿಗಿದಿರುವ ಪಟ್ಟಿಗೆ ಅಸ್ಥಿಬಂಧ ಎಂದೂ, ಹೆಬ್ಬೆರಳಿನ ಬುಡದಲ್ಲಿ ಉಬ್ಬಿರುವ ಸ್ನಾಯುಗಳ ಗುಂಪಿಗೆ ಹೆಬ್ಬೆರಳ ದಿಬ್ಬ ಎಂದೂ ಹೇಳಲಾಗಿದೆ.

ಇತಿಹಾಸ

ಮಣಿಕಟ್ಟಿನಲ್ಲಿ ಮೀಡಿಯನ್ ನರ ಅದುಮಿಕೊಂಡದ್ದನ್ನು ಮೊದಲು ದಾಖಲಿಸಿದವರು ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್, ವರ್ಷ 1854. ಅವರು ವಿವರಿಸಿದ ರೋಗಿಯೊಬ್ಬನ ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಮುರಿದು, ಕೂಡಿಕೊಳ್ಳುವಾಗ ಬೆಳೆದ ಹೆಚ್ಚುವರಿ ಮೂಳೆ ನರವನ್ನು ಒತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಆದ ಹುಣ್ಣುಗಳು ಯಾವ ಮದ್ದಿಗೂ ಬಗ್ಗಲಿಲ್ಲ. ಅಂಗೈ ಬದಿಯ ಭಾಗ ಸಡಿಲಗೊಳ್ಳುವಂತೆ ಮಣಿಕಟ್ಟನ್ನು ಕಟ್ಟಿಟ್ಟಾಗ ಮಾತ್ರ ಅವು ಮಾಯ್ದವು. ಇಂದಿನ ಚಿಕಿತ್ಸೆಯ ತಿರುಳು ಅಲ್ಲೇ ಇತ್ತಾದರೂ ಅದನ್ನು ಯಾರೂ ಮುಂದುವರಿಸಲಿಲ್ಲ.

1880ರಲ್ಲಿ ಬಾಸ್ಟನ್ನಿನ ನರವೈದ್ಯ ಜೇಮ್ಸ್ ಜಾಕ್ಸನ್ ಪಟ್ನಮ್ 37 ರೋಗಿಗಳ ವಿವರ ಕೊಟ್ಟರು. ಹೆಚ್ಚಿನವರು ಹೆಂಗಸರು. ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು, ಕೈಯನ್ನು ಹಾಸಿಗೆಯಿಂದ ಕೆಳಗೆ ಇಳಿಬಿಟ್ಟು ಕೊಡವಿದರೆ ಹಾಯೆನಿಸುವುದು ಇವೆಲ್ಲ ಅವರ ಬರಹದಲ್ಲಿವೆ. ಲಕ್ಷಣಗಳನ್ನು ಇಷ್ಟು ಚೊಕ್ಕಟವಾಗಿ ಗುರುತಿಸಿದರೂ ತೊಂದರೆಯ ಮೂಲ ಮಣಿಕಟ್ಟಿನಲ್ಲಿದೆ ಎಂದು ಅವರಿಗೆ ಹೊಳೆಯಲಿಲ್ಲ. ಆ ನಂಟನ್ನು ತೋರಿಸಿಕೊಟ್ಟವರು ಪ್ಯಾರಿಸ್ಸಿನ ಪಿಯರ್ ಮಾರಿ ಮತ್ತು ಶಾರ್ಲ್ ಫ್ವಾ. ಎರಡೂ ಕೈಗಳ ಹೆಬ್ಬೆರಳ ದಿಬ್ಬ ಬತ್ತಿಹೋಗಿದ್ದ ವೃದ್ಧನೊಬ್ಬನ ಶವವನ್ನು ಕೊಯ್ದು ನೋಡಿದ ಅವರು, ಮಣಿಕಟ್ಟಿನ ಅಸ್ಥಿಬಂಧದ ಮೇಲ್ಭಾಗದಲ್ಲಿ ನರ ಊದಿಕೊಂಡಿರುವುದನ್ನೂ ಅದರಡಿಯಲ್ಲಿ ತೆಳುವಾಗಿರುವುದನ್ನೂ ಕಂಡರು. ಬೇನೆಯನ್ನು ಬೇಗ ಗುರುತಿಸಿ ಆ ಪಟ್ಟಿಯನ್ನು ಕತ್ತರಿಸಿದರೆ ನರ ಉಳಿಯಬಹುದು ಎಂದು 1913ರಲ್ಲೇ ಬರೆದರು.

ಆ ಸಲಹೆಯೂ ಬಹುಕಾಲ ಮೂಲೆಗುಂಪಾಯಿತು. ಆ ಕಾಲದ ವೈದ್ಯರು ಹೆಬ್ಬೆರಳ ದಿಬ್ಬ ಬತ್ತುವುದಕ್ಕೆ ಕುತ್ತಿಗೆಯ ಬುಡದಲ್ಲಿ ಕೆಲವರಿಗೆ ಇರುವ ಹೆಚ್ಚುವರಿ ಪಕ್ಕೆಲುಬೇ ಕಾರಣವೆಂದು ನಂಬಿದ್ದರು. ಅದನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಗೆ ಎಷ್ಟೋ ರೋಗಿಗಳು ಒಳಗಾದರು. 1933ರಲ್ಲಿ ಜೇಮ್ಸ್ ಲಿಯರ್‌ಮಂತ್ ಅಸ್ಥಿಬಂಧವನ್ನು ಕತ್ತರಿಸಿ ನರವನ್ನು ಬಿಡಿಸಿದ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರು. 1947ರಲ್ಲಿ ರಸೆಲ್ ಬ್ರೈನ್, ರೈಟ್ ಮತ್ತು ವಿಲ್ಕಿನ್‌ಸನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆರು ರೋಗಿಗಳ ವಿವರ ಪ್ರಕಟಿಸಿ, ಮೂಳೆ ಮುರಿಯದೆ, ಗಾಯವಾಗದೆಯೂ ಮಣಿಕಟ್ಟಿನಲ್ಲಿ ನರ ಅದುಮಿಕೊಳ್ಳಬಹುದೆಂದು ಮನದಟ್ಟು ಮಾಡಿದರು. ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಫೇಲನ್ 1950ರಿಂದಾಚೆಗೆ ಬೇನೆಯನ್ನು ಎಲ್ಲ ವೈದ್ಯರಿಗೂ ಪರಿಚಿತವಾಗಿಸಿದರು. 1966ರಲ್ಲಿ ಅವರು 654 ಕೈಗಳ ಅನುಭವವನ್ನು ಒಟ್ಟುಗೂಡಿಸಿ ಬರೆದರು. 1956ರಲ್ಲಿ ಜಾನ್ ಸಿಂಪ್ಸನ್, ಮಣಿಕಟ್ಟನ್ನು ದಾಟುವಾಗ ನರದ ಸಂಕೇತ ನಿಧಾನವಾಗುವುದನ್ನು ಅಳೆದು ತೋರಿಸಿದ್ದರಿಂದ ವಿದ್ಯುತ್ ಪರೀಕ್ಷೆಗೆ ದಾರಿಯಾಯಿತು. ದುರ್ಬೀನು (ಎಂಡೋಸ್ಕೋಪ್) ಬಳಸಿ ಮಾಡುವ ಶಸ್ತ್ರಚಿಕಿತ್ಸೆ 1980ರ ದಶಕದ ಕೊಡುಗೆ. ಜಪಾನಿನ ಇಚಿರೋ ಒಕುತ್ಸು ಮತ್ತು ಅಮೆರಿಕದ ಜೇಮ್ಸ್ ಚೌ ಅದರ ಮೊದಲಿಗರ ಸಾಲಿನಲ್ಲಿದ್ದಾರೆ.

ರಚನೆ

ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳು ಎರಡು ಸಾಲಾಗಿ ಜೋಡಣೆಗೊಂಡಿವೆ. ಮುಂಗೈಗೆ ಹತ್ತಿರದ ಸಾಲಿನಲ್ಲಿ ಸ್ಕೇಫಾಯ್ಡ್, ಲೂನೇಟ್, ಟ್ರೈಕ್ವಿಟ್ರಲ್, ಪಿಸಿಫಾರ್ಮ್. ಬೆರಳುಗಳ ಕಡೆಯ ಸಾಲಿನಲ್ಲಿ ಟ್ರಪೀಜಿಯಂ, ಟ್ರಪಿಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಇವೆಲ್ಲ ಸೇರಿ ಅಂಗೈ ಬದಿಗೆ ತಗ್ಗಾದ ಕಮಾನಿನಂತೆ ನಿಲ್ಲುತ್ತವೆ. ಕಮಾನಿನ ಎರಡು ಅಂಚುಗಳ ನಡುವೆ ಅಡ್ಡಲಾಗಿ ಗಟ್ಟಿಯಾದ ಅಸ್ಥಿಬಂಧವೊಂದು ಬಿಗಿದಿದೆ. ಹೆಬ್ಬೆರಳಿನ ಕಡೆ ಅದು ಸ್ಕೇಫಾಯ್ಡ್ ಮತ್ತು ಟ್ರಪೀಜಿಯಂಗೆ, ಕಿರುಬೆರಳಿನ ಕಡೆ ಪಿಸಿಫಾರ್ಮ್‌ಗೂ ಹ್ಯಾಮೇಟ್ ಮೂಳೆಯ ಕೊಕ್ಕೆಗೂ ಅಂಟಿಕೊಂಡಿದೆ. ಕೆಳಗೆ ಮೂಳೆ, ಮೇಲೆ ಈ ಅಸ್ಥಿಬಂಧ. ನಡುವಿನ ದಾರಿಯೇ ಕಾರ್ಪಲ್ ಸುರಂಗ. ಹ್ಯಾಮೇಟ್ ಕೊಕ್ಕೆಯ ನೇರಕ್ಕೆ ಅದು ಅತ್ಯಂತ ಕಿರಿದಾಗುತ್ತದೆ. ಸುತ್ತಲಿನ ಗೋಡೆಗಳಾವುವೂ ಹಿಗ್ಗುವಂಥವಲ್ಲ.

ಸುರಂಗದೊಳಗೆ ಹತ್ತು ವಸ್ತುಗಳು ಸಾಗುತ್ತವೆ. ಒಂಬತ್ತು ಸ್ನಾಯುರಜ್ಜುಗಳು, ಒಂದು ನರ. ನಾಲ್ಕು ಬೆರಳುಗಳನ್ನು ಮಡಿಸಲು ಬೆರಳಿಗೆರಡರಂತೆ ಎಂಟು ರಜ್ಜುಗಳು, ಹೆಬ್ಬೆರಳಿಗೆ ಒಂದು. ಇವು ಜಾರುವಂತೆ ನುಣುಪಾದ ಪೊರೆಯೊಂದು ಆವರಿಸಿರುತ್ತದೆ. ಮೀಡಿಯನ್ ನರ ಎಲ್ಲಕ್ಕಿಂತ ಮೇಲೆ, ಅಸ್ಥಿಬಂಧಕ್ಕೆ ತಾಗಿಯೇ ಇದೆ. ಆದುದರಿಂದ ಒಳಗೆ ಏನೇ ಊದಿದರೂ ಮೊದಲು ಅದುಮಿಕೊಳ್ಳುವುದು ಆ ನರವೇ.

ಮೀಡಿಯನ್ ನರ ಕುತ್ತಿಗೆಯಿಂದ ಹೊರಡುವ ನರಗಳ ಜಾಲದಿಂದ ಹುಟ್ಟಿ ತೋಳಿನುದ್ದಕ್ಕೂ ಇಳಿದು ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಹೆಬ್ಬೆರಳ ಕಡೆಯ ಅರ್ಧಭಾಗದ ಸ್ಪರ್ಶಜ್ಞಾನ ಇದರದು. ಹೆಬ್ಬೆರಳನ್ನು ಅಂಗೈಯಿಂದ ಮೇಲೆತ್ತುವ, ಉಳಿದ ಬೆರಳುಗಳಿಗೆ ಎದುರಾಗಿ ತರುವ ಸ್ನಾಯುಗಳನ್ನೂ ಇದೇ ನಡೆಸುತ್ತದೆ. ಕಿರುಬೆರಳಿಗೆ ಹೋಗುವ ಅಲ್ನರ್ ನರ ಸುರಂಗದೊಳಗೆ ಬರದೆ ಪಕ್ಕದ ಬೇರೆ ದಾರಿಯಲ್ಲಿ ಸಾಗುತ್ತದೆ. ಹಾಗಾಗಿ ಈ ಬೇನೆಯಲ್ಲಿ ಕಿರುಬೆರಳು ಪಾರಾಗುತ್ತದೆ. ಹೆಬ್ಬೆರಳ ದಿಬ್ಬದ ಮೇಲಿನ ಚರ್ಮಕ್ಕೆ ಹೋಗುವ ಕವಲು ಕೂಡ ಮಣಿಕಟ್ಟಿಗೆ ಮೊದಲೇ ಬೇರೆಯಾಗಿ ಅಸ್ಥಿಬಂಧದ ಮೇಲಿಂದ ಹಾಯುವುದರಿಂದ ಅಲ್ಲಿನ ಸ್ಪರ್ಶ ಕೆಡುವುದಿಲ್ಲ. ಬೆರಳ ತುದಿಗಳು ಮರಗಟ್ಟಿದ್ದು ಅಂಗೈ ಸರಿಯಿದ್ದರೆ ತೊಂದರೆ ಸುರಂಗದಲ್ಲೇ ಇದೆಯೆಂಬುದಕ್ಕೆ ಅದು ಒಳ್ಳೆಯ ಸುಳಿವು.

ರಚನೆ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಕೆಲವರಲ್ಲಿ ನರ ಸುರಂಗದೊಳಗೇ ಎರಡಾಗಿ ಸೀಳಿರುತ್ತದೆ. ಕೆಲವರಲ್ಲಿ ಭ್ರೂಣಾವಸ್ಥೆಯ ರಕ್ತನಾಳವೊಂದು ಉಳಿದುಕೊಂಡು ನರದ ಜೊತೆಗೇ ಸಾಗುತ್ತದೆ. ಹೆಬ್ಬೆರಳ ಸ್ನಾಯುಗಳಿಗೆ ಹೋಗುವ ಕವಲು ಕೆಲವೊಮ್ಮೆ ಅಸ್ಥಿಬಂಧವನ್ನೇ ತೂರಿಕೊಂಡು ಬರುತ್ತದೆ. ಶಸ್ತ್ರವೈದ್ಯರಿಗೆ ಈ ವ್ಯತ್ಯಾಸಗಳ ಅರಿವು ಅತ್ಯಗತ್ಯ.

ಬೇನೆ ಉಂಟಾಗುವ ಬಗೆ

ಸುರಂಗದೊಳಗಿನ ಒತ್ತಡವನ್ನು ಗೆಲ್ಬರ್‌ಮನ್ ಮತ್ತು ಸಂಗಡಿಗರು 1981ರಲ್ಲಿ ನೇರವಾಗಿ ಅಳೆದರು. ಆರೋಗ್ಯವಂತರಲ್ಲಿ ಮಣಿಕಟ್ಟು ನೆಟ್ಟಗಿರುವಾಗ ಅದು ಸರಾಸರಿ 2.5 ಮಿ.ಮೀ. ಪಾದರಸದಷ್ಟಿದ್ದರೆ, ಬೇನೆಯಿದ್ದವರಲ್ಲಿ 32 ಮಿ.ಮೀ. ಇತ್ತು. ಬೇನೆಯಿದ್ದವರು ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಮಡಿಸಿದಾಗ 94, ಹಿಂದಕ್ಕೆ ಬಾಗಿಸಿದಾಗ 110 ಮಿ.ಮೀ.ವರೆಗೆ ಏರಿತು. ಒತ್ತಡ 30ರ ಸುತ್ತಮುತ್ತ ಬಂದಿತೆಂದರೆ ನರದ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಹರಿವು ಕುಂಠಿತವಾಗುತ್ತದೆ. ಮಣಿಕಟ್ಟನ್ನು ನೆಟ್ಟಗೆ ಇರಿಸಬೇಕೆಂಬ ಚಿಕಿತ್ಸೆಗೆ ಈ ಅಂಕಿಗಳೇ ಆಧಾರ.

ಮೊದಲ ಹಂತದಲ್ಲಿ ನರಕ್ಕೆ ರಕ್ತ ಸಾಲದೆ, ಅದರೊಳಗೆ ನೀರು ತುಂಬಿ ಜೋಮು ಬರುತ್ತದೆ. ಒತ್ತಡ ತೆಗೆದರೆ ಎಲ್ಲವೂ ಮೊದಲಿನಂತಾಗುತ್ತದೆ. ಮುಂದುವರಿದಂತೆ ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಕಳಚುತ್ತದೆ, ಸಂಕೇತ ನಿಧಾನವಾಗುತ್ತದೆ. ಇಲ್ಲಿಯೂ ಚೇತರಿಕೆ ಸಾಧ್ಯ, ಆದರೆ ವಾರ ತಿಂಗಳುಗಳು ಬೇಕು. ಕೊನೆಯಲ್ಲಿ ತಂತುಗಳೇ ಸಾಯುತ್ತವೆ. ಆಗ ಸ್ಪರ್ಶ ಶಾಶ್ವತವಾಗಿ ಕುಂದಿ ಹೆಬ್ಬೆರಳ ದಿಬ್ಬ ಬತ್ತುತ್ತದೆ. ರಜ್ಜುಗಳ ಸುತ್ತಲಿನ ಪೊರೆಯಲ್ಲಿ ಉರಿಯೂತ ಇರುತ್ತದೆಂದು ಬಹುಕಾಲ ಭಾವಿಸಲಾಗಿತ್ತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನವರಲ್ಲಿ ಕಾಣುವುದು ಉರಿಯೂತವಲ್ಲ, ಪೊರೆ ದಪ್ಪಗಾಗಿ ನಾರುಗಟ್ಟಿರುವುದು.

ಕಾರಣಗಳು

ಹೆಚ್ಚಿನ ರೋಗಿಗಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟುಮಾಡಲಾಗದು. ವಯಸ್ಸು, ಹೆಣ್ಣು ದೇಹ, ಬೊಜ್ಜು, ಹುಟ್ಟಿನಿಂದಲೇ ಕಿರಿದಾದ ಸುರಂಗ, ಮನೆತನದಲ್ಲಿ ಬೇನೆ ಇರುವುದು ಇವು ಬೇನೆಯ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ದೇಹದ ಬೇರೆ ಕಾಯಿಲೆಗಳಲ್ಲಿ ಮುಖ್ಯವಾದವು ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಮಂದಗತಿ ಮತ್ತು ರುಮಟಾಯ್ಡ್ ಸಂಧಿವಾತ. ಸಕ್ಕರೆ ಕಾಯಿಲೆ ನರವನ್ನು ಮೊದಲೇ ದುರ್ಬಲಗೊಳಿಸಿರುವುದರಿಂದ ಚಿಕ್ಕ ಒತ್ತಡವನ್ನೂ ಅದು ತಾಳದು. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಎಷ್ಟೋ ಹೆಂಗಸರಿಗೆ ಈ ತೊಂದರೆ ಬರುತ್ತದೆ. ಹೆರಿಗೆಯಾದ ಕೆಲವು ವಾರ ಅಥವಾ ತಿಂಗಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ಬಹುಕಾಲ ಡಯಾಲಿಸಿಸ್ ಮಾಡಿಸಿಕೊಂಡವರಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಸುರಂಗದಲ್ಲಿ ಶೇಖರವಾಗಬಹುದು. ಮಣಿಕಟ್ಟಿನ ಮುರಿತ, ಮೂಳೆ ಕೀಲು ತಪ್ಪುವುದು, ನೀರುಗಂಟು, ಗೌಟ್‌ನ ಹರಳು ಗಂಟುಗಳು ಸುರಂಗದ ಜಾಗವನ್ನು ನೇರವಾಗಿ ಕಸಿಯುತ್ತವೆ. ಮಕ್ಕಳಲ್ಲಿ ಈ ಬೇನೆ ತೀರ ಅಪರೂಪ. ಕಂಡುಬಂದರೆ ಮ್ಯೂಕೋಪಾಲಿಸ್ಯಾಕರಿಡೋಸಿಸ್‌ನಂಥ ಆನುವಂಶಿಕ ಕಾಯಿಲೆಯನ್ನು ಶಂಕಿಸಬೇಕು.

ದುಡಿಮೆಯ ಪಾತ್ರದ ಬಗ್ಗೆ ವಾದಗಳು ಇನ್ನೂ ಮುಗಿದಿಲ್ಲ. ಬಲಹಾಕಿ ಹಿಡಿಯುವುದು ಮತ್ತು ಅದನ್ನೇ ಪದೇಪದೇ ಮಾಡುವುದು, ಇವೆರಡೂ ಕೂಡಿದ ಕೆಲಸಕ್ಕೂ ಬೇನೆಗೂ ನಂಟು ಇರುವುದು ಸಾಕಷ್ಟು ಸ್ಪಷ್ಟ. ಕಂಪಿಸುವ ಯಂತ್ರ ಹಿಡಿದು ದುಡಿಯುವವರಿಗೂ ಅಪಾಯ ಹೆಚ್ಚು. ಮಾಂಸ ಕತ್ತರಿಸುವ ಕಾರ್ಖಾನೆಗಳ, ಜೋಡಣಾ ಘಟಕಗಳ ಕೆಲಸಗಾರರಲ್ಲಿ ಪಾಶ್ಚಾತ್ಯ ದೇಶಗಳ ಅಧ್ಯಯನಗಳು ಇದನ್ನು ಗುರುತಿಸಿವೆ. ನಮ್ಮಲ್ಲಿ ಕತ್ತಿಯಿಂದ ಅಡಿಕೆ ಸುಲಿಯುವುದು, ಕೈಯಿಂದ ಹಾಲು ಕರೆಯುವುದು, ಕಲ್ಲು ಕೊರೆಯುವ ಯಂತ್ರ ಹಿಡಿಯುವುದು ಇದೇ ಬಗೆಯ ದುಡಿಮೆಗಳು. ಕಂಪ್ಯೂಟರ್ ಕೀಲಿಮಣೆಯ ಮೇಲೆ ಹೊರಿಸುವ ಆರೋಪಕ್ಕೆ ಮಾತ್ರ ಅಷ್ಟು ಗಟ್ಟಿ ಪುರಾವೆ ಇಲ್ಲ. ಡೆನ್ಮಾರ್ಕಿನಲ್ಲಿ ಸುಮಾರು 7,000 ಕಂಪ್ಯೂಟರ್ ಬಳಕೆದಾರರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ, ವಾರಕ್ಕೆ 20 ಗಂಟೆಗೂ ಮೀರಿ ಮೌಸ್ ಹಿಡಿದವರಲ್ಲಿ ಜೋಮಿನ ಸಾಧ್ಯತೆ ಹೆಚ್ಚಿರುವುದನ್ನು ಕಂಡಿತಾದರೂ, ಕೀಲಿಮಣೆಯ ಬಳಕೆಯಲ್ಲಿ ಅಂಥ ನಂಟನ್ನು ಕಾಣಲಿಲ್ಲ. ಟೈಪು ಮಾಡುವುದು ಇದ್ದ ಬೇನೆಯನ್ನು ಕೆರಳಿಸಬಹುದು. ಅದೇ ಬೇನೆಯ ಬೇರು ಎನ್ನಲು ಆಧಾರ ಸಾಲದು.

ಬಗೆಗಳು

ಕಾರಣ ತಿಳಿಯದೆ ಬರುವುದನ್ನು ಪ್ರಾಥಮಿಕವೆಂದೂ, ಬೇರೆ ಕಾಯಿಲೆ ಅಥವಾ ಪೆಟ್ಟಿನಿಂದ ಬರುವುದನ್ನು ದ್ವಿತೀಯಕವೆಂದೂ ವಿಂಗಡಿಸಲಾಗುತ್ತದೆ. ಎರಡೂ ನಿಧಾನವಾಗಿ ಬೆಳೆಯುವಂಥವು. ತೀವ್ರ ಬಗೆ ಬೇರೆಯೇ: ಮಣಿಕಟ್ಟು ಮುರಿದ, ಸುರಂಗದೊಳಗೆ ರಕ್ತಸ್ರಾವವಾದ ಅಥವಾ ಸೋಂಕು ತಗಲಿದ ಕೆಲವೇ ಗಂಟೆಗಳಲ್ಲಿ ಬೆರಳುಗಳು ಮರಗಟ್ಟಿ ಅಸಾಧ್ಯ ನೋವು ಏಳುತ್ತದೆ. ಇದು ತುರ್ತು ಪರಿಸ್ಥಿತಿ. ಪಟ್ಟಿ, ಮಾತ್ರೆಗಳನ್ನು ನೆಚ್ಚಿ ಕೂರದೆ ಅಂದೇ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ತೀವ್ರತೆಯ ಲೆಕ್ಕದಲ್ಲಿ ಸೌಮ್ಯ, ಮಧ್ಯಮ, ಉಗ್ರ ಎಂಬ ವಿಂಗಡಣೆಯೂ ಬಳಕೆಯಲ್ಲಿದೆ. ಚಿಕಿತ್ಸೆಯ ಆಯ್ಕೆ ಹೆಚ್ಚಾಗಿ ನಿಂತಿರುವುದು ಇದರ ಮೇಲೆಯೇ.

ಲಕ್ಷಣಗಳು

ರಾತ್ರಿಯ ಜೋಮು ಈ ಬೇನೆಯ ಗುರುತು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದ ನಡುರಾತ್ರಿ ಅಥವಾ ಬೆಳಗಿನ ಜಾವ ಕೈ ಚುಚ್ಚಿದಂತೆ, ಉರಿದಂತೆ, ಬಾತಂತೆ ಅನ್ನಿಸಿ ಎಚ್ಚರವಾಗುತ್ತದೆ. ಕೈ ಕೊಡವಿದರೆ ಶಮನವಾಗುತ್ತದೆ. ಹಗಲಿನಲ್ಲಿ ಸ್ಕೂಟರಿನ ಹಿಡಿ, ಫೋನು, ಪತ್ರಿಕೆ ಹಿಡಿದಾಗ ಅಥವಾ ರೊಟ್ಟಿ ತಟ್ಟುವಾಗ, ಬಟ್ಟೆ ಹಿಂಡುವಾಗ ಅದೇ ಜೋಮು ಬರುತ್ತದೆ. ಮೂರೂವರೆ ಬೆರಳಿಗೆ ಸೀಮಿತವಾಗಿರಬೇಕಾದ ಜೋಮನ್ನು ಎಷ್ಟೋ ರೋಗಿಗಳು ಇಡೀ ಕೈಗೇ ಆಗುತ್ತದೆಂದು ಹೇಳುತ್ತಾರೆ. ನೋವು ಮೊಣಕೈವರೆಗೆ, ಕೆಲವರಲ್ಲಿ ಭುಜದವರೆಗೂ ಏರುತ್ತದೆ. ಈ ಗೊಂದಲದಿಂದಲೇ ಕುತ್ತಿಗೆಯ ಸ್ಪಾಂಡಿಲೋಸಿಸ್ ಎಂದು ಭಾವಿಸಿ ವರ್ಷಗಟ್ಟಲೆ ಕಾಲರ್ ಹಾಕಿಕೊಂಡವರು, ನರದ ದೌರ್ಬಲ್ಯವೆಂದು ಬಿ ಜೀವಸತ್ವದ ಮಾತ್ರೆ ನುಂಗುತ್ತ ಬಂದವರು ಕಡಿಮೆಯಿಲ್ಲ.

ಮುಂದಿನ ಹಂತದಲ್ಲಿ ನಾಜೂಕಿನ ಕೆಲಸಗಳು ಕೈಕೊಡುತ್ತವೆ. ರವಿಕೆಯ ಹುಕ್ಕು ಹಾಕುವುದು, ಸೂಜಿಗೆ ದಾರ ಪೋಣಿಸುವುದು, ಹೂ ಕಟ್ಟುವುದು ಕಷ್ಟವಾಗುತ್ತದೆ. ಹಿಡಿದ ಲೋಟ ಜಾರಿ ಬೀಳುತ್ತದೆ. ಬಿಸಿ ಪಾತ್ರೆ ತಾಗಿದ್ದು ತಿಳಿಯದೆ ಬೆರಳು ಸುಟ್ಟುಕೊಳ್ಳುವುದೂ ಉಂಟು. ಹೆಬ್ಬೆರಳ ದಿಬ್ಬ ಚಪ್ಪಟೆಯಾಗುವುದು ಕೊನೆಯ ಹಂತದ ಚಿಹ್ನೆ. ಆ ವೇಳೆಗೆ ಕೆಲವರಲ್ಲಿ ನೋವು ಕಡಿಮೆಯಾಗಿರುತ್ತದೆ. ಅದು ವಾಸಿಯಾದ ಸೂಚನೆಯಲ್ಲ. ನೋವನ್ನು ಒಯ್ಯುವ ತಂತುಗಳೇ ಸತ್ತಿರುವುದರ ಫಲ.

ರೋಗನಿರ್ಣಯ

ಬೇನೆಯನ್ನು ಪತ್ತೆಹಚ್ಚುವುದು ಮುಖ್ಯವಾಗಿ ರೋಗಿಯ ಮಾತು ಮತ್ತು ಕೈಯ ತಪಾಸಣೆಯಿಂದ. ಜೋಮು ಎಲ್ಲೆಲ್ಲಿ ಬರುತ್ತದೆಂದು ಕೈಯ ಚಿತ್ರದ ಮೇಲೆ ರೋಗಿಯಿಂದಲೇ ಗುರುತು ಹಾಕಿಸುವ ಪದ್ಧತಿಯಿದೆ. ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿದಾಗ ರೋಗಿ ಕೈ ಕೊಡವಿ ತೋರಿಸಿದರೆ ಅದೂ ಒಂದು ಚಿಹ್ನೆಯೇ.

ಫೇಲನ್ ಪರೀಕ್ಷೆಯಲ್ಲಿ ಎರಡೂ ಅಂಗೈಗಳ ಹಿಂಬದಿ ಒಂದಕ್ಕೊಂದು ತಾಗುವಂತೆ ಮಣಿಕಟ್ಟುಗಳನ್ನು ಕೆಳಕ್ಕೆ ಮಡಿಸಿ 60 ಸೆಕೆಂಡು ಹಿಡಿಯಬೇಕು. ಜೋಮು ಬಂದರೆ ಪರೀಕ್ಷೆ ಧನಾತ್ಮಕ. ಇದರ ವಿಲೋಮವನ್ನು ಕೈಮುಗಿದ ಭಂಗಿಯಲ್ಲಿ ಮಾಡುತ್ತಾರೆ. ಟಿನೆಲ್ ಪರೀಕ್ಷೆಯಲ್ಲಿ ನರದ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಬೆರಳ ತುದಿಗೆ ವಿದ್ಯುತ್ ಹರಿದಂತಾಗುತ್ತದೆ. 1991ರಲ್ಲಿ ಡರ್ಕನ್ ವಿವರಿಸಿದ ಪರೀಕ್ಷೆಯಲ್ಲಿ ವೈದ್ಯರು ಸುರಂಗದ ಮೇಲೆ ಹೆಬ್ಬೆರಳಿನಿಂದ 30 ಸೆಕೆಂಡು ಒತ್ತಿ ಹಿಡಿಯುತ್ತಾರೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ತೀರ್ಪು ಹೇಳಲಾರದು.

ನರದ ವಿದ್ಯುತ್ ಪರೀಕ್ಷೆಯಲ್ಲಿ ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು, ಸಂಕೇತ ಮಣಿಕಟ್ಟನ್ನು ದಾಟಲು ತೆಗೆದುಕೊಳ್ಳುವ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಅದೇ ಕೈಯ ಅಲ್ನರ್ ನರದ ಜೊತೆ ಹೋಲಿಸಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ತಣ್ಣಗಿನ ಕೈಯಲ್ಲಿ ಸಂಕೇತ ಸಹಜವಾಗಿಯೇ ನಿಧಾನ. ಆದುದರಿಂದ ಕೈ ಬೆಚ್ಚಗಿರುವಾಗಲೇ ಪರೀಕ್ಷಿಸಬೇಕು. ಮೊದಲ ಹಂತದ ಕೆಲವರಲ್ಲಿ ಪರೀಕ್ಷೆ ಸಹಜವಾಗಿಯೇ ಬರಬಹುದು. ಹಾಗೆಂದು ಬೇನೆ ಇಲ್ಲವೆನ್ನಲಾಗದು. ಸೂಜಿ ಚುಚ್ಚಿ ಮಾಡುವ ಸ್ನಾಯು ಪರೀಕ್ಷೆ ತಂತುಗಳು ಸತ್ತಿವೆಯೇ ಎಂಬುದನ್ನು ತಿಳಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ದೊಡ್ಡ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ.

ಅಲ್ಟ್ರಾಸೌಂಡ್ ಇತ್ತೀಚೆಗೆ ಹೆಚ್ಚು ಬಳಕೆಗೆ ಬಂದಿದೆ. ಸುರಂಗದ ಬಾಯಿಯಲ್ಲಿ ಊದಿಕೊಂಡ ನರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 10 ಚದರ ಮಿ.ಮೀ. ಮೀರಿದರೆ ಬೇನೆಯೆಂದು ಅನುಮಾನಿಸಲಾಗುತ್ತದೆ. ನೋವಿಲ್ಲದ, ಅಗ್ಗದ ಈ ಪರೀಕ್ಷೆ ನೀರುಗಂಟು ಅಥವಾ ಸೀಳಿದ ನರವನ್ನೂ ತೋರಿಸಿಕೊಡುತ್ತದೆ. ರಕ್ತದಲ್ಲಿ ಸಕ್ಕರೆ ಮತ್ತು ಥೈರಾಯ್ಡ್ ಪ್ರಮಾಣವನ್ನು ನೋಡುವುದು ವಾಡಿಕೆ.

ಹೋಲುವ ಬೇನೆಗಳಿಂದ ಇದನ್ನು ಬೇರ್ಪಡಿಸಬೇಕು. ಕುತ್ತಿಗೆಯಲ್ಲಿ ನರದ ಬುಡ ಒತ್ತಿಕೊಂಡಿದ್ದರೆ ಕತ್ತು ತಿರುಗಿಸಿದಾಗ ನೋವು ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯ ನರರೋಗ ಸಾಮಾನ್ಯವಾಗಿ ಪಾದಗಳಿಂದ ಆರಂಭವಾಗುತ್ತದೆ. ಕಿರುಬೆರಳು ಮರಗಟ್ಟಿದ್ದರೆ ಅಲ್ನರ್ ನರವನ್ನು ನೋಡಬೇಕು. ಭಾರತದಲ್ಲಿ ಕುಷ್ಠರೋಗವನ್ನು ಮರೆಯುವಂತಿಲ್ಲ: ಅದರಲ್ಲಿ ಮೀಡಿಯನ್ ನರ ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ದಪ್ಪಗಾಗುತ್ತದೆ, ಅಲ್ನರ್ ನರವೂ ಹೆಚ್ಚಾಗಿ ಜೊತೆಗೆ ಕೆಡುತ್ತದೆ, ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆಗಳು ಇರಬಹುದು. ಚಿಕಿತ್ಸೆ ಪೂರ್ತಿ ಬೇರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಚಿಕಿತ್ಸೆ

ಸೌಮ್ಯ ಹಂತದಲ್ಲಿ ಮೊದಲ ಆಯ್ಕೆ ಸ್ಪ್ಲಿಂಟ್. ಒಳಗೆ ಗಟ್ಟಿ ಪಟ್ಟಿಯಿರುವ ಇದು ಮಣಿಕಟ್ಟನ್ನು ನೆಟ್ಟಗೆ ಹಿಡಿದಿಡುತ್ತದೆ. ಔಷಧದಂಗಡಿಗಳಲ್ಲಿ ರಿಸ್ಟ್ ಬೆಲ್ಟ್ ಎಂದರೆ ಸಿಗುತ್ತದೆ. ಮಲಗುವಾಗ ಧರಿಸುವುದು ಮುಖ್ಯ. ಕನಿಷ್ಠ ಆರು ವಾರ ಬಿಡದೆ ಬಳಸಿ ನೋಡಬೇಕು. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯುವ ಪಟ್ಟಿಗಳು ಒತ್ತಡವನ್ನು ಏರಿಸುತ್ತವೆ. ಎಳೆದು ಸುತ್ತುವ ಕ್ರೇಪ್ ಬ್ಯಾಂಡೇಜು ಮಣಿಕಟ್ಟನ್ನು ನೆಟ್ಟಗೂ ಇಡದು, ಬಿಗಿಯಾದರೆ ಕೆಡುಕನ್ನೂ ಮಾಡೀತು. ಗರ್ಭಿಣಿಯರಿಗೆ ಹೆಚ್ಚಾಗಿ ಸ್ಪ್ಲಿಂಟ್ ಒಂದೇ ಸಾಕಾಗುತ್ತದೆ.

ಸುರಂಗದೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು ಮುಂದಿನ ಹಂತ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 20 ಮಿ.ಗ್ರಾಂ. ಮಿಥೈಲ್‌ಪ್ರೆಡ್ನಿಸೊಲೋನ್ ಚುಚ್ಚುಮದ್ದು ಪಡೆದವರು ಆರು ವಾರಗಳಲ್ಲಿ ಸ್ಪ್ಲಿಂಟ್ ಧರಿಸಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಆರು ತಿಂಗಳ ಹೊತ್ತಿಗೆ ಆ ವ್ಯತ್ಯಾಸ ಉಳಿಯಲಿಲ್ಲ. ಎಂದರೆ ಚುಚ್ಚುಮದ್ದು ಬೇಗ ಆರಾಮ ಕೊಡುತ್ತದೆ, ಆದರೆ ಬೇನೆ ಮರುಕಳಿಸುವುದು ಸಾಮಾನ್ಯ. ಸಕ್ಕರೆ ಕಾಯಿಲೆಯವರಲ್ಲಿ ಚುಚ್ಚುಮದ್ದಿನ ನಂತರ ಕೆಲದಿನ ಸಕ್ಕರೆ ಪ್ರಮಾಣ ಏರುತ್ತದೆ. ಮದ್ದು ನರದೊಳಕ್ಕೇ ಹೋದರೆ ಗಂಭೀರ ಹಾನಿಯಾಗುವುದರಿಂದ ಅನುಭವಿಗಳೇ ಕೊಡಬೇಕು. ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ಕೊಡುವ ರೂಢಿ ಹೆಚ್ಚುತ್ತಿದೆ.

ಮಾತ್ರೆಗಳಿಂದ ಆಗುವ ಪ್ರಯೋಜನ ಕಡಿಮೆ. ಸಾಧಾರಣ ನೋವುನಿವಾರಕ, ಮೂತ್ರವರ್ಧಕ, ಬಿ6 ಜೀವಸತ್ವ ಇವು ಬೇನೆಯನ್ನು ಗುಣಪಡಿಸುತ್ತವೆಂದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಬಿ6 ಅತಿಯಾದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ. ರಜ್ಜು ಮತ್ತು ನರಗಳನ್ನು ಜಾರಿಸುವ ವ್ಯಾಯಾಮಗಳು, ಅಲ್ಟ್ರಾಸೌಂಡ್ ಶಾಖ ಮೊದಲಾದ ಭೌತಚಿಕಿತ್ಸೆಗಳಿಂದ ಕೆಲವರಿಗೆ ಹಾಯೆನಿಸಬಹುದು, ಪುರಾವೆ ತೆಳು. ಥೈರಾಯ್ಡ್ ಕೊರತೆ, ಸಂಧಿವಾತ, ಸಕ್ಕರೆ ಕಾಯಿಲೆ ಇದ್ದರೆ ಅವನ್ನು ಹತೋಟಿಗೆ ತರುವುದು ಚಿಕಿತ್ಸೆಯ ಭಾಗವೇ.

ಶಸ್ತ್ರಚಿಕಿತ್ಸೆ ಅಡ್ಡ ಅಸ್ಥಿಬಂಧವನ್ನು ಉದ್ದಕ್ಕೂ ಕತ್ತರಿಸಿ ಸುರಂಗವನ್ನು ಹಿಗ್ಗಿಸುತ್ತದೆ. ಸ್ಪ್ಲಿಂಟಿನಿಂದ ಗುಣವಾಗದಿದ್ದರೆ, ಜೋಮು ದಿನವಿಡೀ ಉಳಿದರೆ, ಹೆಬ್ಬೆರಳು ದುರ್ಬಲವಾದರೆ ಅಥವಾ ದಿಬ್ಬ ಬತ್ತತೊಡಗಿದರೆ ಇದನ್ನು ಮುಂದೂಡಬಾರದು. ತೆರೆದ ವಿಧಾನದಲ್ಲಿ ಉಂಗುರಬೆರಳಿನ ನೇರಕ್ಕೆ ಅಂಗೈ ಬುಡದಲ್ಲಿ 3–4 ಸೆಂ.ಮೀ. ಕೊಯ್ದು, ಅಸ್ಥಿಬಂಧವನ್ನು ಕಣ್ಣಾರೆ ನೋಡಿ ಕತ್ತರಿಸುತ್ತಾರೆ. ದುರ್ಬೀನಿನ ವಿಧಾನದಲ್ಲಿ ಮಣಿಕಟ್ಟಿನ ಬಳಿ ಒಂದು ಅಥವಾ ಎರಡು ಚಿಕ್ಕ ಕೊಯ್ತ ಸಾಕು. ಈ ಎರಡನೆಯ ವಿಧಾನದಲ್ಲಿ ಕೆಲಸಕ್ಕೆ ಮರಳುವುದು ಸ್ವಲ್ಪ ಬೇಗ, ಗಾಯದ ನೋವು ಕಡಿಮೆ. ತಿಂಗಳುಗಳ ನಂತರದ ಫಲದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ.

ಕೈಗೆ ಮಾತ್ರ ಅರಿವಳಿಕೆ ಚುಚ್ಚಿ, 10–20 ನಿಮಿಷಗಳಲ್ಲಿ ಮುಗಿಸಿ ರೋಗಿಯನ್ನು ಅಂದೇ ಮನೆಗೆ ಕಳಿಸುತ್ತಾರೆ. ಹಿಂದೆ ತೋಳಿಗೆ ಬಿಗಿಪಟ್ಟಿ ಕಟ್ಟಿ ರಕ್ತವನ್ನು ತಡೆಯುತ್ತಿದ್ದರು. ಕೆನಡಾದ ಡೊನಾಲ್ಡ್ ಲಲೋಂಡ್ ಪ್ರಚಾರಕ್ಕೆ ತಂದ ವಿಧಾನದಲ್ಲಿ ಅರಿವಳಿಕೆ ಮದ್ದಿಗೆ ಅಡ್ರಿನಲಿನ್ ಬೆರೆಸುವುದರಿಂದ ರಕ್ತಸ್ರಾವ ತಾನೇ ಕಡಿಮೆಯಾಗುತ್ತದೆ, ಬಿಗಿಪಟ್ಟಿಯ ನೋವು ತಪ್ಪುತ್ತದೆ.

ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಹೊಲಿಗೆ ತೆಗೆಯುವುದು 10ರಿಂದ 14 ದಿನಗಳಲ್ಲಿ. ರಾತ್ರಿಯ ಜೋಮು ಹಲವರಿಗೆ ಕೆಲವೇ ದಿನಗಳಲ್ಲಿ ಹೋಗುತ್ತದೆ. ಹಿಡಿತದ ಬಲ ಮರಳಲು ಸುಮಾರು ಮೂರು ತಿಂಗಳು, ಸ್ಪರ್ಶ ಸುಧಾರಿಸಲು ಇನ್ನೂ ಹೆಚ್ಚು ಕಾಲ ಬೇಕು. ಅಂಗೈ ಬುಡದ ಎರಡು ಪಕ್ಕಗಳಲ್ಲಿ ಒತ್ತಿದಾಗ ಕೆಲವು ತಿಂಗಳು ನೋಯುವುದು ಸಾಮಾನ್ಯ. ಅಸ್ಥಿಬಂಧ ಪೂರ್ತಿ ಕತ್ತರಿಸದೆ ಉಳಿಯುವುದು, ನರದ ಕವಲಿಗೆ ಪೆಟ್ಟು, ಸೋಂಕು, ಬೇನೆ ಮರುಕಳಿಸುವುದು ಅಪರೂಪದ ತೊಡಕುಗಳು. ಬತ್ತಿದ ದಿಬ್ಬ ವಯಸ್ಸಾದವರಲ್ಲಿ ಮತ್ತೆ ತುಂಬಿಕೊಳ್ಳುವುದು ಕಡಿಮೆ. ಅಂಥವರಿಗೆ ಬೇರೆ ಸ್ನಾಯುರಜ್ಜುವೊಂದನ್ನು ಹೆಬ್ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯಿದೆ. 1940ರ ದಶಕದ ಕೊನೆಯಿಂದ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಗಳಿಗಾಗಿ ಬೆಳೆಸಿದ ರಜ್ಜು ವರ್ಗಾವಣೆಯೂ ಇದೇ ಜಾತಿಯದು.

ಚಿಕಿತ್ಸೆಗಳನ್ನು ಒಂದಕ್ಕೊಂದು ಹೋಲಿಸಿದ ಅಧ್ಯಯನಗಳು ಶಸ್ತ್ರಚಿಕಿತ್ಸೆಯ ಕಡೆಗೆ ವಾಲುತ್ತವೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ತಿಂಗಳಿಗೆ ಶಸ್ತ್ರಚಿಕಿತ್ಸೆಯ ಯಶಸ್ಸು ಶೇ. 80, ಸ್ಪ್ಲಿಂಟಿನದು ಶೇ. 54; ಹದಿನೆಂಟು ತಿಂಗಳಿಗೆ ಕ್ರಮವಾಗಿ ಶೇ. 90 ಮತ್ತು 75. ಸ್ಪ್ಲಿಂಟಿನ ಗುಂಪಿನಲ್ಲಿ ಆ ವೇಳೆಗೆ ಹಲವರು ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಿದ್ದರು ಎಂಬುದನ್ನು ಆ ಕೊನೆಯ ಅಂಕಿ ಓದುವಾಗ ನೆನಪಿಡಬೇಕು. ಅದೇ ದೇಶದಿಂದ 2025ರಲ್ಲಿ ಬಂದ ಇನ್ನೊಂದು ಅಧ್ಯಯನ, ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ. 61, ಚುಚ್ಚುಮದ್ದಿನಿಂದ ಆರಂಭಿಸಿದವರಲ್ಲಿ ಶೇ. 45 ಮಂದಿ ಹದಿನೆಂಟು ತಿಂಗಳಲ್ಲಿ ಗುಣವಾದದ್ದನ್ನು ದಾಖಲಿಸಿತು.

ಇಂದಿನ ಸ್ಥಿತಿ

ಕಾರ್ಪಲ್ ಸುರಂಗದ ಬಿಡುಗಡೆ ಇಂದು ಕೈಯ ಮೇಲೆ ನಡೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಅತಿ ಸಾಮಾನ್ಯವಾದವುಗಳಲ್ಲೊಂದು. ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಕೆಲವೇ ಮಿ.ಮೀ. ಕೊಯ್ತದಿಂದ ಅಸ್ಥಿಬಂಧವನ್ನು ಕತ್ತರಿಸುವ ವಿಧಾನ ಹರಡುತ್ತಿದೆ. ಕರ್ನಾಟಕದಲ್ಲಿ ಮೂಳೆ ತಜ್ಞರು, ಪ್ಲಾಸ್ಟಿಕ್ ಸರ್ಜನ್‌ಗಳು, ನರಶಸ್ತ್ರವೈದ್ಯರು ಮೂವರೂ ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಬೇನೆಯ ಬಗೆಗಿನ ಹೊಸ ಆಸಕ್ತಿ ಕೈಯಿಂದ ಹೃದಯದತ್ತ ಹೊರಳಿದೆ. ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ಅಮೈಲಾಯ್ಡ್ ರೂಪದಲ್ಲಿ ಹೃದಯದ ಗೋಡೆಯಲ್ಲಿ ಶೇಖರವಾಗಿ ಹೃದಯ ವಿಫಲವಾಗುವ ಕಾಯಿಲೆಯೊಂದಿದೆ. ಆ ಕಾಯಿಲೆಯವರಲ್ಲಿ ಹಲವರಿಗೆ ವರ್ಷಗಳ ಹಿಂದೆಯೇ ಎರಡೂ ಕೈಗಳಲ್ಲಿ ಕಾರ್ಪಲ್ ಟನಲ್ ಸಿಂಡ್ರೋಮ್ ಬಂದಿರುತ್ತದೆ. ಕ್ಲೀವ್‌ಲ್ಯಾಂಡಿನಲ್ಲಿ 50 ದಾಟಿದ ಗಂಡಸರು, 60 ದಾಟಿದ ಹೆಂಗಸರು ಸೇರಿ 98 ರೋಗಿಗಳ ಮಣಿಕಟ್ಟಿನಿಂದ ತೆಗೆದ ತುಣುಕುಗಳನ್ನು ಪರೀಕ್ಷಿಸಿದಾಗ 10 ಮಂದಿಯಲ್ಲಿ ಅಮೈಲಾಯ್ಡ್ ಸಿಕ್ಕಿತೆಂದು 2018ರಲ್ಲಿ ವರದಿಯಾಯಿತು. ಈ ಕಾಯಿಲೆಯನ್ನು ನಿಧಾನಗೊಳಿಸುವ ಔಷಧಿಗಳು ಈಗ ಇರುವುದರಿಂದ, ಎರಡೂ ಕೈಗಳಲ್ಲಿ ಬೇನೆಯಿರುವ ವಯಸ್ಸಾದ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಒಂದು ಚೂರು ಅಂಗಾಂಶವನ್ನು ಅಮೈಲಾಯ್ಡ್ ಹುಡುಕುವ ಕಾಂಗೊ ರೆಡ್ ಬಣ್ಣದ ಪರೀಕ್ಷೆಗೆ ಕಳಿಸುವ ಪದ್ಧತಿ ಹಲವು ಆಸ್ಪತ್ರೆಗಳಲ್ಲಿ ಆರಂಭವಾಗಿದೆ.